ವೆಸ್ಟರ್ನ್ ಹಾಕಿ ಲೀಗ್ ಇತಿಹಾಸ ಓದೋದು ಹೇಗೆ: ಕಪ್ ಪಟ್ಟಿ ಪಕ್ಕಕ್ಕಿಡಿ, ಬಸ್ಸಿನ ದಾರಿ ಹಿಡೀರಿ

ಕೆನಡಾದ ಸಾಸ್ಕಟೂನ್‌ಗೆ ಬಂದವರು ಮೊದಲ ಚಳಿಗಾಲವನ್ನು ಹೇಗೋ ಹಲ್ಲು ಕಚ್ಚಿ ಕಳೆಯುತ್ತಾರೆ. ಎರಡನೇ ಚಳಿಗಾಲಕ್ಕೆ ಆಫೀಸಿನಲ್ಲಿ ಯಾರೋ ಒಬ್ಬರು ಟಿಕೆಟ್ ಕೈಗಿಟ್ಟು ‘ಇವತ್ತು ಬ್ಲೇಡ್ಸ್ ಮ್ಯಾಚ್ ಇದೆ, ಬಾ’ ಅಂತ ಕರೆದುಕೊಂಡು ಹೋಗುತ್ತಾರೆ. ನನಗೂ ಹಾಗೇ ಆಯಿತು. ಬ್ಲೇಡ್ಸ್ ಅಂದರೆ ಊರಿನ ಜೂನಿಯರ್ ಐಸ್ ಹಾಕಿ ತಂಡ, ಆಡುವುದು ವೆಸ್ಟರ್ನ್ ಹಾಕಿ ಲೀಗಿನಲ್ಲಿ. ಆಡುತ್ತಿದ್ದವರು 16ರಿಂದ 20 ವರ್ಷದ ಹುಡುಗರು, ಆದರೆ ಪಕ್ಕದಲ್ಲಿ ಕೂತಿದ್ದ ಅಜ್ಜ ಮಾತ್ರ ಐವತ್ತು ವರ್ಷದ ಹಿಂದಿನ ಜಗಳವನ್ನು ನಿನ್ನೆ ನಡೆದ ಹಾಗೆ ಹೇಳುತ್ತಿದ್ದರು. ಮನೆಗೆ ಬಂದು ಈ ಲೀಗಿನ ಇತಿಹಾಸ ಓದೋಣ ಅಂತ ಕೂತೆ. ಅರ್ಧ ಗಂಟೆಯಲ್ಲಿ ತಲೆ ಕೆಟ್ಟಿತು. ಒಂದೇ ಹೆಸರಿನ ಮೂರು ತಂಡ, ಒಂದೇ ತಂಡಕ್ಕೆ ನಾಲ್ಕು ಹೆಸರು, ಪ್ರತಿ ಹತ್ತು ವರ್ಷಕ್ಕೆ ಬೇರೆ ನಕ್ಷೆ.

ಆಮೇಲೆ ನಿಧಾನವಾಗಿ ಒಂದು ದಾರಿ ಸಿಕ್ಕಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಒಂದು ನೋಟ್‌ಬುಕ್, ಒಂದು ಪೆನ್ಸಿಲ್, ಪಶ್ಚಿಮ ಕೆನಡಾದ ಒಂದು ಮ್ಯಾಪ್ ಇದ್ದರೆ ಸಾಕು. ರಬ್ಬರ್ ಕೂಡ ಬೇಕು, ಅದು ಜಾಸ್ತಿ ಬಳಕೆಗೆ ಬರುತ್ತದೆ.

ಮೊದಲು, ಯಾವ ಡಬ್ಲ್ಯುಎಚ್‌ಎಲ್ (ವೆಸ್ಟರ್ನ್ ಹಾಕಿ ಲೀಗ್) ಅಂತ ಗಟ್ಟಿ ಮಾಡಿಕೊಳ್ಳಿ

ಇಲ್ಲೇ ಮುಕ್ಕಾಲು ಜನ ಎಡವುತ್ತಾರೆ. 1921ರಲ್ಲಿ ವೆಸ್ಟರ್ನ್ ಕೆನಡಾ ಹಾಕಿ ಲೀಗ್ ಅಂತ ಒಂದು ಶುರುವಾಯಿತು, ಅದು ದೊಡ್ಡವರ ಪ್ರೊಫೆಷನಲ್ ಲೀಗ್. ಅದರ ವಿಕ್ಟೋರಿಯಾ ಕೂಗರ್ಸ್ ತಂಡ 1925ರಲ್ಲಿ ದೊಡ್ಡವರ ಐಸ್ ಹಾಕಿಯ ಅತಿ ದೊಡ್ಡ ಕಪ್ಪಾದ ಸ್ಟ್ಯಾನ್ಲಿ ಕಪ್ಪನ್ನೇ ಗೆದ್ದಿತ್ತು. ಅದೇ ಲೀಗ್ ಕೊನೆಯ ಸೀಸನ್‌ನಲ್ಲಿ ವೆಸ್ಟರ್ನ್ ಹಾಕಿ ಲೀಗ್ ಅಂತ ಹೆಸರು ಬದಲಿಸಿಕೊಂಡು 1926ರಲ್ಲಿ ಮುಚ್ಚಿತು. ಮತ್ತೆ 1952ರಿಂದ 1974ರವರೆಗೆ ಇನ್ನೊಂದು ವೆಸ್ಟರ್ನ್ ಹಾಕಿ ಲೀಗ್ ಇತ್ತು, ಅದೂ ಪ್ರೊಫೆಷನಲ್. ನಮ್ಮ ಜೂನಿಯರ್ ಲೀಗಿಗೆ ಈ ಎರಡರ ಜೊತೆ ರಕ್ತಸಂಬಂಧ ಇಲ್ಲ, ಹೆಸರು ಮಾತ್ರ ಒಂದೇ.

ಜೂನಿಯರ್ ಲೀಗ್ ಹುಟ್ಟಿದ್ದು 1966ರಲ್ಲಿ, ಕೆನೇಡಿಯನ್ ಮೇಜರ್ ಜೂನಿಯರ್ ಹಾಕಿ ಲೀಗ್ ಎಂಬ ಭಾರಿ ಹೆಸರಿನಲ್ಲಿ. ಮರುವರ್ಷ ವೆಸ್ಟರ್ನ್ ಕೆನಡಾ ಜೂನಿಯರ್ ಹಾಕಿ ಲೀಗ್ ಆಯಿತು, 1968ರಲ್ಲಿ ‘ಜೂನಿಯರ್’ ಬಿತ್ತು, 1978ರಲ್ಲಿ ‘ಕೆನಡಾ’ನೂ ಬಿತ್ತು. ‘ಕೆನಡಾ’ ಬೀಳಲು ಕಾರಣ ಸರಳ. ಅಷ್ಟೊತ್ತಿಗೆ ಅಮೆರಿಕದ ಊರುಗಳೂ ಲೀಗಿಗೆ ಸೇರಿದ್ದವು. ಈಗ ಎಲ್ಲರೂ ಅದನ್ನು ಮೊಟಕಾಗಿ ‘ದ ಡಬ್’ ಅನ್ನುತ್ತಾರೆ. ಹಳೆಯ ಪೇಪರ್ ಕಟಿಂಗ್ ಓದುವಾಗ ಹೆಸರು ನೋಡಿ ನಂಬಬೇಡಿ, ಇಸವಿ ನೋಡಿ.

ಇಸವಿಯ ಬಗ್ಗೆ ಇನ್ನೊಂದು ಮಾತು. ಸೀಸನ್ ಶುರುವಾಗುವುದು ಸೆಪ್ಟೆಂಬರ್ ಹೊತ್ತಿಗೆ, ಕಪ್ ಸಿಗುವುದು ಮುಂದಿನ ವರ್ಷದ ಮೇ ಹೊತ್ತಿಗೆ. ‘1967ರ ಚಾಂಪಿಯನ್’ ಅಂದರೆ 1966ರ ಚಳಿಯಲ್ಲಿ ಆಟ ಶುರು ಮಾಡಿದ ತಂಡ ಅಂತ ಅರ್ಥ. ಇದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದಿಟ್ಟುಕೊಳ್ಳಿ, ನಾನು ಬರೆಯದೆ ಎರಡು ಪುಟ ಹರಿದು ಎಸೆದೆ.

ಜಗಳದಿಂದ ಶುರು ಮಾಡಿ

ಯಾವ ಲೀಗಾದರೂ ಯಾಕೆ ಹುಟ್ಟಿತು ಅಂತ ತಿಳಿಯಬೇಕಾದರೆ ಯಾರಿಗೆ ಯಾರ ಮೇಲೆ ಸಿಟ್ಟಿತ್ತು ಅಂತ ನೋಡಬೇಕು. ಇಲ್ಲಿ ಸಿಟ್ಟು ಬಂದದ್ದು ಬಿಲ್ ಹಂಟರ್ ಎಂಬ ಮನುಷ್ಯನಿಗೆ. ಎಡ್ಮಂಟನ್ ಆಯಿಲ್ ಕಿಂಗ್ಸ್ ತಂಡ ಅವರ ಕೈಯಲ್ಲಿತ್ತು. ಆ ತಂಡ 1966ರಲ್ಲಿ, ಮುಂದೆ ದೊಡ್ಡ ಹೆಸರಾದ ಬಾಬಿ ಆರ್ ಇದ್ದ ಓಶಾವಾ ಜನರಲ್ಸ್ ತಂಡವನ್ನು ಸೋಲಿಸಿ ಮೆಮೋರಿಯಲ್ ಕಪ್ ಗೆದ್ದಿತ್ತು. ಮೆಮೋರಿಯಲ್ ಕಪ್ ಅಂದರೆ ಕೆನಡಾದ ಜೂನಿಯರ್ ಹಾಕಿಯ ದೊಡ್ಡ ಕಪ್. ಮೊದಲ ಮಹಾಯುದ್ಧದಲ್ಲಿ ಸತ್ತವರ ನೆನಪಿಗೆ 1919ರಲ್ಲಿ ಇಟ್ಟದ್ದು.

ಹಂಟರ್ ಲೆಕ್ಕಾಚಾರ ಹೀಗಿತ್ತು. ಪೂರ್ವದಲ್ಲಿ ಒಂಟಾರಿಯೋ, ಕ್ವಿಬೆಕ್ ಕಡೆ ಜನ ಜಾಸ್ತಿ, ದುಡ್ಡು ಜಾಸ್ತಿ, ಗಟ್ಟಿ ಎದುರಾಳಿಗಳು ಜಾಸ್ತಿ. ಪಶ್ಚಿಮದಲ್ಲಿ ಪ್ರತಿ ಪ್ರಾಂತ್ಯಕ್ಕೂ ಒಂದೊಂದು ಸಣ್ಣ ಲೀಗ್ ಇಟ್ಟುಕೊಂಡು ಆಡಿದರೆ ಪೂರ್ವದವರಿಗೆ ಸರಿಸಾಟಿ ಆಗುವುದು ಹೇಗೆ? ಪ್ರಾಂತ್ಯದ ಗೆರೆ ದಾಟಿದ ಒಂದೇ ದೊಡ್ಡ ಲೀಗ್ ಬೇಕು. ಹವ್ಯಾಸಿ ಹಾಕಿಯನ್ನು ಆಳುತ್ತಿದ್ದ ರಾಷ್ಟ್ರೀಯ ಸಂಸ್ಥೆ ಒಪ್ಪಲಿಲ್ಲ. ಇವರು ಕೇಳಲಿಲ್ಲ. ಎಸ್ತೆವಾನ್‌ನ ಸ್ಕಾಟಿ ಮನ್ರೋ, ರಿಜೈನಾದ ಡೆಲ್ ವಿಲ್ಸನ್, ಸಾಸ್ಕಟೂನ್‌ನ ಜಿಮ್ ಪಿಗಟ್ ಇವರೆಲ್ಲ ಹಂಟರ್ ಜೊತೆ ನಿಂತರು. ಏಳು ತಂಡ ಸೇರಿಸಿ ಆಟ ಶುರು ಮಾಡಿಯೇಬಿಟ್ಟರು. ಸಂಸ್ಥೆ ಇದನ್ನು ಪುಂಡರ ಲೀಗ್ ಅಂತ ಹೊರಗಿಟ್ಟಿತು, ಹಾಗಾಗಿ ಆ ವರ್ಷ ಇವರಿಗೆ ಮೆಮೋರಿಯಲ್ ಕಪ್ ಬಾಗಿಲು ಬಂದ್.

ಆ ಏಳು ತಂಡಗಳನ್ನು ಮ್ಯಾಪಿನ ಮೇಲೆ ಗುರುತು ಹಾಕಿ. ಎಡ್ಮಂಟನ್, ಕ್ಯಾಲ್ಗರಿ ಎರಡು ಆಲ್ಬರ್ಟಾದಲ್ಲಿ. ರಿಜೈನಾ, ಮೂಸ್ ಜಾ, ಸಾಸ್ಕಟೂನ್, ಎಸ್ತೆವಾನ್, ವೇಬರ್ನ್ ಐದೂ ಸಸ್ಕ್ಯಾಚೆವಾನ್‌ನಲ್ಲಿ. ಗೋಧಿ ಬೆಳೆಯುವ ಸೀಮೆಯ ಊರುಗಳು ಇವು, ಕೆಲವು ಊರು ಅಂದರೆ ನಮ್ಮ ಕಡೆಯ ತಾಲ್ಲೂಕು ಕೇಂದ್ರದಷ್ಟೂ ಇಲ್ಲ. ಮೊದಲ ಚಾಂಪಿಯನ್ ಮೂಸ್ ಜಾ ಕನಕ್ಸ್. ಮರುವರ್ಷವೇ ರಾಜಿ ಆಗಿ ಎಸ್ತೆವಾನ್ ತಂಡ 1968ರ ಮೆಮೋರಿಯಲ್ ಕಪ್ ಫೈನಲ್ ಆಡಿತು. ಆ ಬೇಸಿಗೆಯಲ್ಲೇ ಮತ್ತೆ ಜಗಳ. ಈ ಸಲ ರಿಜೈನಾ, ಮೂಸ್ ಜಾ, ವೇಬರ್ನ್ ಮೂರೂ ಲೀಗ್ ಬಿಟ್ಟು ಹೋದವು. ರಿಜೈನಾ 1970ರಲ್ಲಿ ವಾಪಸ್ ಬಂತು. ವೇಬರ್ನ್ ಮತ್ತೆ ಬರಲೇ ಇಲ್ಲ.

ಇದನ್ನು ಯಾಕೆ ಹೇಳಿದೆ ಅಂದರೆ, ‘ಅತಿ ಹಳೆಯ ತಂಡ ಯಾವುದು’ ಅಂತ ಯಾರಾದರೂ ಕೇಳಿದರೆ ಎರಡು ಉತ್ತರ ಇವೆ, ಎರಡೂ ಸರಿ. ರಿಜೈನಾ ಪ್ಯಾಟ್ಸ್ 1917ರದು, ರಾಜಕುಮಾರಿ ಪೆಟ್ರೀಷಿಯಾ ಹೆಸರಿನ ಸೇನಾ ತುಕಡಿಯಿಂದ ಬಂದ ಹೆಸರು. ಆದರೆ 1966ರಿಂದ ಒಂದು ವರ್ಷವೂ ಬಿಡದೆ, ಊರೂ ಬದಲಿಸದೆ ಈ ಲೀಗಿನಲ್ಲಿರುವುದು ಸಾಸ್ಕಟೂನ್ ಬ್ಲೇಡ್ಸ್ ಒಂದೇ. ರಿಜೈನಾದವರ ಮುಂದೆ ಈ ವಿಷಯ ಎತ್ತುವಾಗ ಸ್ವಲ್ಪ ಜಾಗ್ರತೆ.

ಈಗ ವಂಶವೃಕ್ಷ ಬರೆಯಿರಿ

ನಿಜವಾದ ಕೆಲಸ ಇದು. ಇದಕ್ಕೇ ಒಂದು ಭಾನುವಾರ ಇಡೀ ಇಟ್ಟುಕೊಳ್ಳಿ.

ಈ ಲೀಗಿನ ತಂಡಗಳು ನಮ್ಮ ಹಳೆಯ ನಾಟಕ ಕಂಪನಿಗಳ ಹಾಗೆ. ಒಂದೂರಲ್ಲಿ ಕಲೆಕ್ಷನ್ ಬಿದ್ದರೆ ಕ್ಯಾಂಪ್ ಎತ್ತಿ ಇನ್ನೊಂದೂರಿಗೆ ಹೊರಡುತ್ತವೆ. ಹೆಸರೂ ಕೆಲವೊಮ್ಮೆ ಬದಲಾಗುತ್ತದೆ. ಆದ್ದರಿಂದ ನೋಟ್‌ಬುಕ್ಕಿನಲ್ಲಿ ತಂಡದ ಹೆಸರಿಗೆ ಒಂದು ಪುಟ, ಊರಿಗೆ ಬೇರೆ ಪುಟ ಇಡಿ. ಎರಡನ್ನೂ ಒಂದೇ ಪುಟದಲ್ಲಿ ಬರೆದರೆ ಗೊಂದಲ ಗ್ಯಾರಂಟಿ.

ಒಂದು ಗೆರೆ ಎಳೆದು ನೋಡೋಣ. ಎಸ್ತೆವಾನ್ ಬ್ರೂಯಿನ್ಸ್, 1966. ಸಣ್ಣ ಊರು, 1971ರಲ್ಲಿ ತಂಡ ವ್ಯಾಂಕೂವರ್ ಪಕ್ಕದ ನ್ಯೂ ವೆಸ್ಟ್‌ಮಿನ್‌ಸ್ಟರ್‌ಗೆ ಹೋಯಿತು. ಅಲ್ಲಿ 1975ರಿಂದ 1978ರವರೆಗೆ ಸತತ ನಾಲ್ಕು ಸಲ ಲೀಗ್ ಗೆದ್ದಿತು, 1977 ಮತ್ತು 1978ರಲ್ಲಿ ಮೆಮೋರಿಯಲ್ ಕಪ್ಪನ್ನೂ ತಂದಿತು. 1981ರಲ್ಲಿ ಅದೇ ತಂಡ ಕಾಮ್‌ಲೂಪ್ಸ್‌ಗೆ ಹೋಗಿ ಜೂನಿಯರ್ ಆಯಿಲರ್ಸ್ ಆಯಿತು, 1984ರಲ್ಲಿ ಬ್ಲೇಜರ್ಸ್ ಆಯಿತು. ಆ ಬ್ಲೇಜರ್ಸ್ 1992, 1994, 1995ರಲ್ಲಿ ಮೆಮೋರಿಯಲ್ ಕಪ್ ಗೆದ್ದಿತು. ಗೆರೆ ಮುಗಿಯಿತು, ಸುಲಭ.

ಈಗ ಇನ್ನೊಂದು ಗೆರೆ. ಕ್ಯಾಲ್ಗರಿಯ ತಂಡ ಮೊದಲ ವರ್ಷ ಬಫಲೋಸ್, ಆಮೇಲೆ ಸೆಂಟೆನಿಯಲ್ಸ್. 1977ರಲ್ಲಿ ಅಮೆರಿಕದ ಬಿಲ್ಲಿಂಗ್ಸ್‌ಗೆ, 1982ರಲ್ಲಿ ನನೈಮೋಗೆ, 1983ರಲ್ಲಿ ನ್ಯೂ ವೆಸ್ಟ್‌ಮಿನ್‌ಸ್ಟರ್‌ಗೆ. ಅಲ್ಲಿ ಇಟ್ಟುಕೊಂಡ ಹೆಸರು? ಬ್ರೂಯಿನ್ಸ್! ಅಂದರೆ ನ್ಯೂ ವೆಸ್ಟ್‌ಮಿನ್‌ಸ್ಟರ್ ಬ್ರೂಯಿನ್ಸ್ ಅಂತ ಎರಡು ಬೇರೆ ಬೇರೆ ತಂಡ ಇದ್ದವು, ನಡುವೆ ಎರಡೇ ವರ್ಷದ ಅಂತರ. ಎರಡನೆಯದು 1988ರಲ್ಲಿ ವಾಷಿಂಗ್ಟನ್ ರಾಜ್ಯಕ್ಕೆ ಹೋಗಿ ಟ್ರೈ-ಸಿಟಿ ಅಮೆರಿಕನ್ಸ್ ಆಯಿತು, ಈಗಲೂ ಅಲ್ಲೇ ಇದೆ. 1978ರ ಕಪ್ಪನ್ನು ತಂದು ಟ್ರೈ-ಸಿಟಿ ಲೆಕ್ಕಕ್ಕೆ ಹಾಕಿದವರನ್ನು ನಾನು ನೋಡಿದ್ದೇನೆ. ಅಂಥವರ ಜೊತೆ ವಾದ ಮಾಡಬೇಡಿ, ಈ ಎರಡು ಗೆರೆ ತೋರಿಸಿ.

ವಿನಿಪೆಗ್ ಕಥೆ ಇನ್ನೂ ಮಜಾ. ಬೆನ್ ಹಾಟ್ಸ್‌ಕಿನ್ 1967ರಲ್ಲಿ ಕಟ್ಟಿದ ಜೂನಿಯರ್ ತಂಡದ ಹೆಸರು ವಿನಿಪೆಗ್ ಜೆಟ್ಸ್. 1972ರಲ್ಲಿ ಅದೇ ಹಾಟ್ಸ್‌ಕಿನ್ ದೊಡ್ಡವರ ಲೀಗಿಗೆ ಒಂದು ತಂಡ ಮಾಡಿ, ಬಾಬಿ ಹಲ್ ಅವರಂಥ ದೊಡ್ಡ ಆಟಗಾರನನ್ನು ಕರೆತಂದು, ಅದಕ್ಕೂ ಜೆಟ್ಸ್ ಅಂತಲೇ ಹೆಸರಿಟ್ಟರು. ದೊಡ್ಡಣ್ಣ ಹೆಸರು ಎತ್ತಿಕೊಂಡು ಹೋದ, ಪಾಪ ಹುಡುಗರ ತಂಡ ಕ್ಲಬ್ಸ್ ಆಯಿತು, ಆಮೇಲೆ ಮೊನಾರ್ಕ್ಸ್, 1977ರಲ್ಲಿ ಕ್ಯಾಲ್ಗರಿಗೆ ಹೋಗಿ ರ್‍ಯಾಂಗ್ಲರ್ಸ್, 1987ರಲ್ಲಿ ಲೆತ್‌ಬ್ರಿಜ್‌ಗೆ ಹೋಗಿ ಹರಿಕೇನ್ಸ್. ಎಡ್ಮಂಟನ್‌ನಲ್ಲೂ ಇದೇ ಆಯಿತು. ಹಂಟರ್ 1972ರಲ್ಲಿ ದೊಡ್ಡವರ ಆಯಿಲರ್ಸ್ ತಂಡ ಕಟ್ಟಿದರು, ಜನ ಅತ್ತ ಹೋದರು, ಅವರೇ ಬೆಳೆಸಿದ ಆಯಿಲ್ ಕಿಂಗ್ಸ್‌ಗೆ ನೋಡುವವರಿಲ್ಲದೆ 1976ರಲ್ಲಿ ಪೋರ್ಟ್‌ಲ್ಯಾಂಡ್‌ಗೆ ಹೋಯಿತು. ಈ ಲೀಗ್ ಅಮೆರಿಕಕ್ಕೆ ಕಾಲಿಟ್ಟದ್ದು ಹಾಗೆ. ಏಳು ವರ್ಷ ಬಿಟ್ಟು, 1983ರಲ್ಲಿ, ಆ ಪೋರ್ಟ್‌ಲ್ಯಾಂಡ್ ತಂಡವೇ ಮೆಮೋರಿಯಲ್ ಕಪ್ ಗೆದ್ದ ಮೊದಲ ಅಮೆರಿಕನ್ ತಂಡ ಆಯಿತು. ಅದು ಆ ವರ್ಷ ಡಬ್ ಚಾಂಪಿಯನ್ ಕೂಡ ಅಲ್ಲ, ಲೆತ್‌ಬ್ರಿಜ್ ಬ್ರಾಂಕೋಸ್ ಚಾಂಪಿಯನ್. ಟೂರ್ನಿ ತಮ್ಮೂರಲ್ಲೇ ಇದ್ದದ್ದರಿಂದ ಆತಿಥೇಯ ತಂಡವಾಗಿ ಒಳಗೆ ಬಂದು ಗೆದ್ದುಬಿಟ್ಟರು.

ಎಡ್ಮಂಟನ್ ಆಯಿಲ್ ಕಿಂಗ್ಸ್ ಹೆಸರಿನಲ್ಲಿ ಮೂರು ತಂಡ ಇವೆ ಅಂತ ನೆನಪಿಡಿ. ಮೊದಲನೆಯದು ಪೋರ್ಟ್‌ಲ್ಯಾಂಡ್‌ಗೆ ಹೋದದ್ದು. ಎರಡನೆಯದು 1978ರಲ್ಲಿ ಫ್ಲಿನ್ ಫ್ಲಾನ್‌ನಿಂದ ಬಂದು ಒಂದೇ ವರ್ಷ ಇದ್ದದ್ದು. ಮೂರನೆಯದು 2007ರಲ್ಲಿ ಹೊಸದಾಗಿ ಕಟ್ಟಿದ್ದು, 2014ರಲ್ಲಿ ಮೆಮೋರಿಯಲ್ ಕಪ್ ಗೆದ್ದದ್ದು ಇದೇ.

ಫ್ಲಿನ್ ಫ್ಲಾನ್ ಅಂತ ಬಂತಲ್ಲ, ಒಂದು ನಿಮಿಷ ಅಲ್ಲಿ ನಿಲ್ಲಿ. ಮ್ಯಾನಿಟೋಬಾದ ಉತ್ತರದ ಮೂಲೆಯ ಗಣಿ ಊರು. ನಮ್ಮ ಕೋಲಾರದ ಕೆಜಿಎಫ್ ಇದ್ದ ಹಾಗೆ, ಊರಿಗೆ ಊರೇ ಗಣಿಯನ್ನು ನಂಬಿದ್ದು. ಅಲ್ಲಿನ ಬಾಂಬರ್ಸ್ ತಂಡ 1969 ಮತ್ತು 1970ರಲ್ಲಿ ಲೀಗ್ ಗೆದ್ದಿತು. ಆ ಊರಿನ ಹುಡುಗ ಬಾಬಿ ಕ್ಲಾರ್ಕ್‌ಗೆ ಸಕ್ಕರೆ ಕಾಯಿಲೆ ಇತ್ತು. ಹಾಗಾಗಿ 1969ರಲ್ಲಿ, ದೊಡ್ಡವರ ಅತಿ ದೊಡ್ಡ ಲೀಗಾದ ಎನ್‌ಎಚ್‌ಎಲ್ ಹೊಸ ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟಿನಲ್ಲಿ, ತಂಡಗಳು ಹಿಂದೇಟು ಹಾಕಿದವು, 17ನೆಯವನಾಗಿ ಫಿಲಡೆಲ್ಫಿಯಾ ಆರಿಸಿಕೊಂಡಿತು. ಆಮೇಲೆ ಆತ ಆ ತಂಡದ ನಾಯಕನಾಗಿ ಎರಡು ಸ್ಟ್ಯಾನ್ಲಿ ಕಪ್ ಎತ್ತಿದ. ಈಗ ಡಬ್‌ನಲ್ಲಿ ಅತಿ ಹೆಚ್ಚು ಪಾಯಿಂಟ್ (ಹೊಡೆದ ಗೋಲು, ಗೋಲಿಗೆ ಕೊಟ್ಟ ಪಾಸು ಎರಡೂ ಸೇರಿ) ಗಳಿಸಿದವನಿಗೆ ಕೊಡುವ ಟ್ರೋಫಿಗೆ ಬಾಬ್ ಕ್ಲಾರ್ಕ್ ಹೆಸರೇ ಇದೆ.

ಬಸ್ಸನ್ನು ಮರೆಯಬೇಡಿ

ಮ್ಯಾಪಿನಲ್ಲಿ ಊರುಗಳ ನಡುವಿನ ದೂರ ಬರೆಯಿರಿ. ಮೂಸ್ ಜಾದಿಂದ ರಿಜೈನಾಗೆ ಬೆಂಗಳೂರಿನಿಂದ ತುಮಕೂರಿಗೆ ಹೋದಷ್ಟು. ಸಾಸ್ಕಟೂನ್‌ನಿಂದ ರಿಜೈನಾಗೆ ಬೆಂಗಳೂರಿಂದ ದಾವಣಗೆರೆ. ಇವು ಹತ್ತಿರದ ಊರುಗಳು! ಮ್ಯಾನಿಟೋಬಾದ ಬ್ರ್ಯಾಂಡನ್‌ನಿಂದ ಬ್ರಿಟಿಷ್ ಕೊಲಂಬಿಯಾದ ಊರುಗಳಿಗೆ ಹೋಗಬೇಕೆಂದರೆ ಬಸ್ಸಿನಲ್ಲೇ ಹಗಲು ರಾತ್ರಿ. ಹೊರಗೆ ಮೈನಸ್ ಮೂವತ್ತು ಡಿಗ್ರಿ, ಒಳಗೆ ಹುಡುಗರು ಹಿಂದಿನ ಸೀಟಲ್ಲಿ ಇಸ್ಪೀಟು ಆಡುತ್ತಾ ಕೂತಿರುತ್ತಾರೆ.

1986ರ ಡಿಸೆಂಬರ್ 30ರಂದು ಸ್ವಿಫ್ಟ್ ಕರೆಂಟ್ ಬ್ರಾಂಕೋಸ್ ಬಸ್ಸು ರಿಜೈನಾ ಕಡೆ ಹೊರಟಿತ್ತು. ಊರು ದಾಟಿದ ಸ್ವಲ್ಪ ಹೊತ್ತಿಗೆ ಹಿಮಗಟ್ಟಿದ ರಸ್ತೆಯಲ್ಲಿ ಬಸ್ಸು ಜಾರಿ ಉರುಳಿತು. ಹಿಂಭಾಗದಲ್ಲಿ ಇಸ್ಪೀಟು ಆಡುತ್ತಿದ್ದ ನಾಲ್ವರು ಸತ್ತರು: ಟ್ರೆಂಟ್ ಕ್ರೆಸ್, ಸ್ಕಾಟ್ ಕ್ರೂಗರ್, ಕ್ರಿಸ್ ಮಾಂಟಿಕಾ, ಬ್ರೆಂಟ್ ರಫ್. ಬದುಕುಳಿದವರಲ್ಲಿ ಜೋ ಸಾಕಿಕ್ ಇದ್ದ, ಮುಂದೆ ಎನ್‌ಎಚ್‌ಎಲ್‌ನ ದೊಡ್ಡ ಹೆಸರಾದವನು. ಆ ತಂಡ ಲೆತ್‌ಬ್ರಿಜ್‌ನಿಂದ ಸ್ವಿಫ್ಟ್ ಕರೆಂಟ್‌ಗೆ ವಾಪಸ್ ಬಂದು ಇನ್ನೂ ಮೊದಲ ಸೀಸನ್ ಮುಗಿದಿರಲಿಲ್ಲ. ಎರಡೂವರೆ ವರ್ಷದ ಮೇಲೆ, 1989ರ ಮೇ ತಿಂಗಳಲ್ಲಿ, ಅದೇ ಬ್ರಾಂಕೋಸ್ ಮೆಮೋರಿಯಲ್ ಕಪ್ ಗೆದ್ದಿತು. ಫೈನಲ್ ನಡೆದದ್ದು ಸಾಸ್ಕಟೂನ್‌ನಲ್ಲಿ, ಎದುರಾಳಿ ನಮ್ಮ ಬ್ಲೇಡ್ಸ್, ಓವರ್‌ಟೈಮಿನಲ್ಲಿ 4-3. ನನ್ನ ಪಕ್ಕ ಕೂತಿದ್ದ ಅಜ್ಜ ಆ ದಿನವೂ ಅಲ್ಲಿದ್ದರಂತೆ. ‘ಸೋತದ್ದಕ್ಕೆ ಅಳು ಬಂತು, ಆದರೆ ಅವರ ಮೇಲೆ ಸಿಟ್ಟು ಬರಲಿಲ್ಲ’ ಅಂದರು.

ಇಲ್ಲಿಗೆ ನಿಲ್ಲಿಸಿದರೆ ಚೆಂದದ ಕಥೆ. ನಿಲ್ಲಿಸಬೇಡಿ. ಆ ತಂಡದ ಕೋಚ್ ಗ್ರಹಾಂ ಜೇಮ್ಸ್ ತನ್ನ ಕೈಕೆಳಗಿನ ಹುಡುಗರ ಮೇಲೆ ವರ್ಷಗಟ್ಟಲೆ ಲೈಂಗಿಕ ದೌರ್ಜನ್ಯ ಮಾಡಿದ್ದ. ಆ ತಂಡದಲ್ಲಿ ಆಡಿದ್ದ ಶೆಲ್ಡನ್ ಕೆನಡಿ ಧೈರ್ಯ ಮಾಡಿ ದೂರು ಕೊಟ್ಟ ಮೇಲೆ 1997ರಲ್ಲಿ ಜೇಮ್ಸ್ ತಪ್ಪೊಪ್ಪಿಕೊಂಡು ಜೈಲಿಗೆ ಹೋದ. 1989ರ ಕಪ್ಪಿನ ಫೋಟೋ ನೋಡುವಾಗ ಇದೂ ಗೊತ್ತಿರಬೇಕು. 1996ಕ್ಕೆ ಮುಂಚೆ ಬರೆದ ಯಾವ ವಿವರಣೆಯಲ್ಲೂ ಇದು ಸಿಗುವುದಿಲ್ಲ. ಅದಕ್ಕೇ ಹಳೆಯದನ್ನೂ ಹೊಸದನ್ನೂ ಎರಡನ್ನೂ ಓದಿ.

ಇನ್ನೊಂದು ಎಚ್ಚರಿಕೆ. 2018ರ ಏಪ್ರಿಲ್‌ನಲ್ಲಿ 16 ಜನ ಸತ್ತ ಬಸ್ ಅಪಘಾತ ಹಂಬೋಲ್ಟ್ ಬ್ರಾಂಕೋಸ್ ತಂಡದ್ದು. ಅದೂ ಸಸ್ಕ್ಯಾಚೆವಾನ್, ಹೆಸರೂ ಬ್ರಾಂಕೋಸ್, ಆದರೆ ಲೀಗ್ ಬೇರೆ. ಅದು ಸಸ್ಕ್ಯಾಚೆವಾನ್ ಜೂನಿಯರ್ ಲೀಗ್, ಡಬ್‌ಗಿಂತ ಒಂದು ಮೆಟ್ಟಿಲು ಕೆಳಗಿನದು. ಎರಡನ್ನೂ ಬೆರೆಸಿ ಮಾತಾಡಿದರೆ ಇಲ್ಲಿನವರಿಗೆ ನೋವಾಗುತ್ತದೆ.

ಟ್ರೋಫಿಗಳ ಹೆಸರು ಓದಿ

ಕಪ್ ಯಾರು ಗೆದ್ದರು ಅನ್ನೋದಕ್ಕಿಂತ ಕಪ್ಪಿಗೆ ಯಾರ ಹೆಸರಿದೆ ಅಂತ ನೋಡುವುದು ಒಳ್ಳೆಯ ಶಾರ್ಟ್‌ಕಟ್. ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವುದು ಫೋರ್ ಬ್ರಾಂಕೋಸ್ ಮೆಮೋರಿಯಲ್ ಟ್ರೋಫಿ, ಯಾಕೆ ಅಂತ ಈಗ ನಿಮಗೆ ಗೊತ್ತು. ಲೀಗ್ ಚಾಂಪಿಯನ್‌ಗೆ ಕೊಡುವುದು ಎಡ್ ಶೆನೊವೆತ್ ಕಪ್. 1972ರಿಂದ, ನಡುವೆ ಒಂದು ವರ್ಷ ಬಿಟ್ಟು, 1995ರವರೆಗೆ ಲೀಗಿನ ಅಧ್ಯಕ್ಷರಾಗಿದ್ದವರು ಇವರು. ಮುಂಚೆ ಪ್ರೆಸಿಡೆಂಟ್ಸ್ ಕಪ್ ಅಂತಿದ್ದದ್ದು 2007ರಲ್ಲಿ ಇವರ ಹೆಸರಿಗೆ ಬದಲಾಯಿತು.

ದಾಖಲೆಗಳಲ್ಲಿ ಎರಡು ನೆನಪಿಟ್ಟರೆ ಸಾಕು. 1986–87ರಲ್ಲಿ ಕಾಮ್‌ಲೂಪ್ಸ್‌ನ ರಾಬ್ ಬ್ರೌನ್ 212 ಪಾಯಿಂಟ್ ಗಳಿಸಿದ, 1983–84ರಲ್ಲಿ ಬ್ರ್ಯಾಂಡನ್‌ನ ರೇ ಫೆರಾರೋ 108 ಗೋಲು ಹೊಡೆದ. ಎಂಬತ್ತರ ದಶಕದಲ್ಲಿ ಗೋಲುಗಳು ಸುರಿಯುತ್ತಿದ್ದವು, ಇವತ್ತಿನ ಸಂಖ್ಯೆಯ ಪಕ್ಕ ಇಟ್ಟು ಹೋಲಿಸಬೇಡಿ. 2022–23ರಲ್ಲಿ ರಿಜೈನಾದ ಕಾನರ್ ಬೆಡಾರ್ಡ್ 57 ಪಂದ್ಯದಲ್ಲಿ 143 ಪಾಯಿಂಟ್ ಗಳಿಸಿದಾಗ ಊರೂರಲ್ಲಿ ಅರೀನಾ ತುಂಬಿತ್ತು. ಹದಿನೈದಕ್ಕೇ ಪೂರ್ತಿ ಸೀಸನ್ ಆಡಲು ವಿಶೇಷ ಅನುಮತಿ ಪಡೆದ ಡಬ್‌ನ ಮೊದಲ ಹುಡುಗ ಅವನು.

ಹುಡುಗರ ಬದುಕಿಗೆ ಒಂದು ಪುಟ

ಹದಿನಾರರ ಹುಡುಗ ಮನೆ ಬಿಟ್ಟು ಬೇರೆ ಊರಿಗೆ ಹೋಗಿ ಒಂದು ಪರಿಚಯವಿಲ್ಲದ ಕುಟುಂಬದ ಜೊತೆ ಇರುತ್ತಾನೆ. ಇದಕ್ಕೆ ಬಿಲೆಟ್ ಅನ್ನುತ್ತಾರೆ. ನಮ್ಮಲ್ಲಿ ಹಿಂದೆ ಓದುವ ಹುಡುಗರಿಗೆ ವಾರಾನ್ನ ಹಾಕುತ್ತಿದ್ದರಲ್ಲ, ಆ ಮನಸ್ಸು ಅಲ್ಲೂ ಇದೆ, ಆದರೆ ಇಲ್ಲಿ ರೂಮು ಸಮೇತ. ಹಳೆಯ ಬಿಲೆಟ್ ಅಮ್ಮಂದಿರ ಹತ್ತಿರ ಇರುವಷ್ಟು ಇತಿಹಾಸ ಯಾವ ದಾಖಲೆಯಲ್ಲೂ ಇಲ್ಲ. ಯಾರಾದರೂ ಪರಿಚಯ ಆದರೆ ಸುಮ್ನೆ ಕಾಫಿಗೆ ಕರೆಯಿರಿ.

1993ರಿಂದ ಲೀಗ್ ಸ್ಕಾಲರ್‌ಶಿಪ್ ಕೊಡುತ್ತಿದೆ: ಒಂದು ಸೀಸನ್ ಆಡಿದರೆ ಕಾಲೇಜಿನ ಒಂದು ವರ್ಷದ ಫೀಸು. ಆದರೂ 2014ರಲ್ಲಿ, ಈ ಹುಡುಗರಿಗೆ ಕನಿಷ್ಠ ವೇತನ ಕೊಡಬೇಕು ಅಂತ ಮಾಜಿ ಆಟಗಾರರು ಕೋರ್ಟಿಗೆ ಹೋದರು. ಲಕ್ಷಾಂತರ ಡಾಲರ್ ಟಿಕೆಟ್ ಮಾರುವ ಆಟದಲ್ಲಿ ಆಡುವವನು ವಿದ್ಯಾರ್ಥಿಯೋ ಕೆಲಸಗಾರನೋ ಅನ್ನುವುದು ಪ್ರಶ್ನೆ. ನನ್ನ ಪ್ರಕಾರ ಕೆಲಸಗಾರನೇ. ಅಜ್ಜ ಒಪ್ಪುವುದಿಲ್ಲ. ಇನ್ನೊಂದು ದೊಡ್ಡ ತಿರುವು 2024ರ ನವೆಂಬರ್‌ನದು. ಅಲ್ಲಿಯವರೆಗೆ ಡಬ್‌ನಲ್ಲಿ ಆಡಿದವನಿಗೆ ಅಮೆರಿಕದ ಕಾಲೇಜು ಹಾಕಿಯ ಮೇಲ್ದರ್ಜೆಯಲ್ಲಿ ಜಾಗ ಇರಲಿಲ್ಲ. ಆ ನಿಯಮ ಬಿತ್ತು, 2025ರಲ್ಲೇ ಮೆಡಿಸಿನ್ ಹ್ಯಾಟ್‌ನ ಗ್ಯಾವಿನ್ ಮೆಕೆನ್ನಾ ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೊರಟ.

ಕೊನೆಗೆ ಅರೀನಾಗೆ ಹೋಗಿ, ತಲೆ ಎತ್ತಿ ನೋಡಿ

ಪಂದ್ಯಕ್ಕೆ ಅರ್ಧ ಗಂಟೆ ಮುಂಚೆ ಹೋಗಿ. ಒಳಗೂ ಚಳಿ ಇರುತ್ತದೆ, ಸ್ವೆಟರ್ ಬಿಚ್ಚಬೇಡಿ. ಸೂರಿನಿಂದ ತೂಗುವ ಬ್ಯಾನರ್‌ಗಳನ್ನು ಒಂದೊಂದಾಗಿ ಬರೆದುಕೊಳ್ಳಿ, ಮನೆಗೆ ಬಂದು ನಿಮ್ಮ ಗೆರೆಗಳ ಜೊತೆ ತಾಳೆ ನೋಡಿ. ಯಾವ ಬ್ಯಾನರ್ ಇಲ್ಲ ಅನ್ನೋದನ್ನೂ ನೋಡಿ. ಸಾಸ್ಕಟೂನ್‌ನಲ್ಲಿ ಲೀಗ್ ಚಾಂಪಿಯನ್ ಅಂತ ಒಂದು ಬ್ಯಾನರೂ ಸಿಗುವುದಿಲ್ಲ. 1966ರಿಂದ ಆಡುತ್ತಿದ್ದಾರೆ, ಐದು ಸಲ ಫೈನಲ್‌ಗೆ ಹೋಗಿ ಐದೂ ಸಲ ಸೋತಿದ್ದಾರೆ. 2024ರಲ್ಲಿ ಫೈನಲ್‌ಗೆ ಒಂದು ಹೆಜ್ಜೆ ಇದ್ದಾಗ, ಏಳು ಪಂದ್ಯದ ಸರಣಿಯ ಏಳನೇ ಪಂದ್ಯದಲ್ಲಿ, ಅದೂ ಸ್ವಂತ ಊರಲ್ಲಿ, ಓವರ್‌ಟೈಮಿನಲ್ಲಿ ಮೂಸ್ ಜಾ ಕೈಯಲ್ಲಿ ಸೋತರು. ಆ ಮೂಸ್ ಜಾ ವಾರಿಯರ್ಸ್ ಆಮೇಲೆ ಕಪ್ಪನ್ನೇ ಗೆದ್ದಿತು. ಆರ್‌ಸಿಬಿಗೆ ಹದಿನೆಂಟು ವರ್ಷ ಕಾದವರಿಗೆ ಇದೆಲ್ಲ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? ಅಜ್ಜನಿಗೆ ‘ಈ ಸಲ ಕಪ್ ನಮ್ದೇ’ ಹೇಳಿಕೊಟ್ಟಿದ್ದೇನೆ, ‘ನಮ್ದೇ’ ಮಾತ್ರ ಸರಿಯಾಗಿ ಬರುತ್ತದೆ.

ನೋಟ್‌ಬುಕ್ಕಿನಲ್ಲಿ ಖಾಲಿ ಪುಟ ಬಿಡಿ. ಕ್ರ್ಯಾನ್‌ಬ್ರೂಕ್‌ನ ಕೂಟೆನಿ ಐಸ್ 2019ರಲ್ಲಿ ವಿನಿಪೆಗ್‌ಗೆ ಹೋಗಿ, 2023ರಲ್ಲಿ ಅಲ್ಲಿಂದಲೂ ಎದ್ದು ಅಮೆರಿಕದ ವೆನಾಚಿಗೆ ಹೋಯಿತು. 2025ರಲ್ಲಿ ಪೆಂಟಿಕ್ಟನ್ ಲೀಗಿಗೆ ಸೇರಿತು. ನಾನು ಆ ಹೆಸರನ್ನು ಪೆನ್ಸಿಲಿನಲ್ಲೇ ಬರೆದಿದ್ದೇನೆ.